ಆ ‘ಊಟ ಮಾಡಿದ್ಯಾ?’ಗೆ ಅತ್ತವರು ದಡ್ಡರಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ವಿಭಾಗದಲ್ಲಿ ಒಬ್ಬರು ಬರೆದಿದ್ದರು. ರಾತ್ರಿ ಒಂಬತ್ತೂವರೆಯ ಧಾರಾವಾಹಿಯಲ್ಲಿ ಗಂಡ ಹೆಂಡತಿಯನ್ನು ‘ಊಟ ಮಾಡಿದ್ಯಾ?’ ಎಂದು ಕೇಳಿದ್ದಕ್ಕೆ ಅಪಾರ್ಟ್‌ಮೆಂಟಿನ ಅರ್ಧದಷ್ಟು ಹೆಂಗಸರು ಕಣ್ಣೊರೆಸಿಕೊಂಡರಂತೆ, ಬೆಳಗಾದರೆ ವಾಟ್ಸ್‌ಆ್ಯಪ್ ತುಂಬ ಅದೇ ಕ್ಲಿಪ್ಪಂತೆ, ಇವರಿಗೆಲ್ಲ ಬೇರೆ ಕೆಲಸವಿಲ್ಲವೇ ಎಂದು. ಕೆಲಸ ಇದೆ. ಪಾತ್ರೆ ತೊಳೆದು, ಮಾರನೆಯ ದಿನದ ಹಿಟ್ಟು ರುಬ್ಬಿಟ್ಟು ಬಂದೇ ಟಿವಿ ಮುಂದೆ ಕೂತಿರುತ್ತಾರೆ. ಅದಿರಲಿ. ಅದೇ ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ‘ಅದರಲ್ಲಿ ಅಳುವಂಥದ್ದೇನಿತ್ತು?’ ಕೇಳಿದವರು ವ್ಯಂಗ್ಯಕ್ಕೆ ಕೇಳಿರಬಹುದು. ಪ್ರಶ್ನೆ ಮಾತ್ರ ಒಳ್ಳೆಯದು, ಉತ್ತರವೂ ಇದೆ.

ನೋಡದವರಿಗಾಗಿ ದೃಶ್ಯ ಇಷ್ಟು. ಮನೆಯವರ ಒತ್ತಾಯಕ್ಕೆ ಮದುವೆಯಾದ ಇಬ್ಬರು, ಒಂದು ವರ್ಷ ಕಳೆದ ಮೇಲೆ ಬೇರೆಯಾಗೋಣ ಎಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡವರು. ಇನ್ನೂರು ಚಿಲ್ಲರೆ ಸಂಚಿಕೆಗಳಿಂದ ಅವನು ಅವಳಿಗೆ ‘ನೀವು’ ಎನ್ನುತ್ತಾನೆ, ಅವಳೂ ಅವನಿಗೆ ‘ನೀವು’. ಆ ರಾತ್ರಿ ಅವನು ತಡವಾಗಿ ಬರುತ್ತಾನೆ. ಊಟದ ಮೇಜಿನ ಮೇಲೆ ಎರಡು ತಟ್ಟೆ, ಎರಡರ ಮೇಲೂ ಮುಚ್ಚಳ. ಅವಳು ಕುರ್ಚಿಯಲ್ಲೇ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಾಳೆ. ಅವನು ಒಂದು ಮುಚ್ಚಳ ಎತ್ತುತ್ತಾನೆ, ಆಮೇಲೆ ಇನ್ನೊಂದು. ಎರಡು ತಟ್ಟೆಯನ್ನೂ ಯಾರೂ ಮುಟ್ಟಿಲ್ಲ. ಸ್ಟೀಲಿನ ಸದ್ದಿಗೆ ಅವಳಿಗೆ ಎಚ್ಚರವಾಗುತ್ತದೆ. ಅವನು ಕೇಳುತ್ತಾನೆ: ‘ಊಟ ಮಾಡಿದ್ಯಾ?’ ಅವಳು ಹ್ಞೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ. ‘ಸಾರು ಬಿಸಿ ಮಾಡ್ತೀನಿ’ ಎಂದು ಎದ್ದು ಹೋಗಿ ಒಲೆಯ ಮುಂದೆ ನಮಗೆ ಬೆನ್ನು ಮಾಡಿ ನಿಲ್ಲುತ್ತಾಳೆ. ಸೆರಗಿನ ತುದಿ ಕಣ್ಣಿಗೆ ಹೋಗುತ್ತದೆ. ಎರಡೂ ಮುಕ್ಕಾಲು ನಿಮಿಷದಲ್ಲಿ ಇಷ್ಟೇ.

ಮೊದಲು ಆ ಮಾತು. ಹಿಂದಿನ ರಾತ್ರಿಯವರೆಗೂ ಅವನು ಕೇಳುತ್ತಿದ್ದದ್ದು ‘ಊಟ ಮಾಡಿದ್ರಾ?’ ಎಂದು. ಅಂದು ಕೇಳಿದ್ದು ‘ಊಟ ಮಾಡಿದ್ಯಾ?’. ಕಾಗದದ ಮೇಲೆ ಬರೆದು ನೋಡಿ, ಬದಲಾಗಿರುವುದು ಒಂದು ಒತ್ತಕ್ಷರ; ರ ಒತ್ತು ಇದ್ದ ಜಾಗಕ್ಕೆ ಯ ಒತ್ತು ಬಂದಿದೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ ನೋಡುವವರಿಗೆ ಎರಡು ಪ್ರಶ್ನೆಯೂ ಒಂದೇ, ಅಂದು ಹೊಸದೇನೂ ನಡೆಯಲೇ ಇಲ್ಲ. ಹಳೇ ಮೈಸೂರು ಕಡೆಯ ಮನೆಗಳಲ್ಲಿ ಗಂಡ ಮೊದಲ ದಿನದಿಂದಲೇ ಏಕವಚನ, ಹೆಂಡತಿ ‘ರೀ’ ಎನ್ನುವುದು ಬಹಳ ಕಾಲದ ರೂಢಿ. ಅಲ್ಲಿ ಗಂಡನ ‘ನೀನು’ವಿಗೆ ವಿಶೇಷ ಬೆಲೆಯೇನೂ ಇಲ್ಲ, ತಾಳಿಯ ಜೊತೆ ಪುಕ್ಕಟೆ ಬಂದದ್ದು. ಸಂಭಾಷಣೆ ಬರೆದವರ ಜಾಣತನ ಇರುವುದು ಇಲ್ಲೇ. ಮೊದಲ ಸಂಚಿಕೆಯಿಂದಲೂ ಅವನ ಬಾಯಲ್ಲಿ ಬಹುವಚನ ಇಟ್ಟರು. ಅದು ಮರ್ಯಾದೆಯೂ ಆಯಿತು, ಇಬ್ಬರ ನಡುವಿನ ಬೇಲಿಯೂ ಆಯಿತು. ಏಕವಚನವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕಾದರು.

ಕಾಯುವುದು ಕೇಳಿದಷ್ಟು ಸುಲಭವಲ್ಲ. ದಿನದ ಧಾರಾವಾಹಿಯಲ್ಲಿ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ನಡುವೆ ಸಂಭಾಷಣೆಯವರು ಬದಲಾಗುವುದೂ ಉಂಟು. ಸೆಟ್ಟಿನಲ್ಲಿ ಕಲಾವಿದರು ಪುಟಗಟ್ಟಲೆ ಬಾಯಿಪಾಠ ಮಾಡುವಷ್ಟು ಹೊತ್ತಿರುವುದಿಲ್ಲ. ಸಹಾಯಕ ನಿರ್ದೇಶಕರು ಕ್ಯಾಮೆರಾ ಪಕ್ಕ ನಿಂತು ಸಾಲು ಸಾಲಾಗಿ ಓದಿ ಕೊಡುತ್ತಾರೆ, ಅದಕ್ಕೆ ಪ್ರಾಂಪ್ಟಿಂಗ್ ಎನ್ನುವುದು. ಓದುವವರ ನಾಲಿಗೆ ಎಲ್ಲೋ ಒಂದು ಕಡೆ ಅಭ್ಯಾಸಬಲದಿಂದ ‘ಬಾ’ ಎಂದುಬಿಟ್ಟರೆ ಕಲಾವಿದರೂ ಹಾಗೇ ಹೇಳುತ್ತಾರೆ. ಜಗಳದ ದೃಶ್ಯದಲ್ಲಂತೂ ಅಪಾಯ ಹೆಚ್ಚು. ಸಿಟ್ಟು ಬಂದಾಗ ನಮ್ಮ ಬಾಯಿಂದ ಮೊದಲು ಬಿದ್ದುಹೋಗುವುದೇ ಬಹುವಚನ. ನೂರನೆಯ ಸಂಚಿಕೆಯ ಜಗಳದಲ್ಲಿ ಒಂದು ‘ನೀನು’ ಜಾರಿದ್ದರೆ ಇನ್ನೂರನೆಯದರಲ್ಲಿ ಈ ದೃಶ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಬೇರೆ ಎಷ್ಟೋ ಧಾರಾವಾಹಿಗಳಲ್ಲಿ ಒಂದೇ ದೃಶ್ಯದಲ್ಲಿ ‘ನೀವು ಯಾಕೆ ಹೀಗೆ ಮಾಡ್ದೆ’ ಎಂಬಂಥ ಕಲಸುಮೇಲೋಗರ ಕೇಳಿ ಅಭ್ಯಾಸವಾದವರಿಗೆ ಇದರ ಬೆಲೆ ತಿಳಿಯುತ್ತದೆ.

ಇನ್ನು ಅವಳ ಉತ್ತರ. ಅವಳೂ ತಿರುಗಿ ‘ನೀನು’ ಎಂದಿದ್ದರೆ ಅವಸರವಾಗುತ್ತಿತ್ತು. ‘ಇಲ್ಲ ರೀ, ನೀವು ಬರ್ಲಿ ಅಂತ ಕಾಯ್ತಿದ್ದೆ’ ಎಂದಿದ್ದರೆ ಅವನು ಚಾಚಿದ ಕೈಯನ್ನು ಹಿಂದಕ್ಕೆ ತಳ್ಳಿದಂತಾಗುತ್ತಿತ್ತು. ‘ಬನ್ನಿ’ ಎಂದರೆ ಹಳೆಯ ದೂರ, ‘ಬಾ’ ಎಂದರೆ ಹೊಸ ಸಲುಗೆ, ಎರಡಕ್ಕೂ ಅವಳು ಸಿದ್ಧಳಿಲ್ಲ. ಅದಕ್ಕೇ ‘ಸಾರು ಬಿಸಿ ಮಾಡ್ತೀನಿ’. ‘ನಾನು’ ಎಂಬ ಉತ್ತಮ ಪುರುಷದ ಕ್ರಿಯಾಪದದಲ್ಲಿ ಎದುರಿಗಿರುವವರು ನೀವೋ ನೀನೋ ಎಂದು ಹೇಳಬೇಕಾಗಿಯೇ ಇಲ್ಲ. ವ್ಯಾಕರಣದ ಸಂದಿಯಲ್ಲಿ ನುಸುಳಿ ಒಲೆಯ ಹತ್ತಿರ ಹೋಗಿಬಿಟ್ಟಳು. ಟಿವಿ ಮುಂದೆ ಕೂತಿದ್ದ ಯಾರೂ ಉತ್ತಮ ಪುರುಷ, ಮಧ್ಯಮ ಪುರುಷ ಎಂದೆಲ್ಲ ಲೆಕ್ಕ ಹಾಕಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ; ಕನ್ನಡ ಆಡುವವರಿಗೆ ಅದು ಎದೆಗೇ ತಟ್ಟುತ್ತದೆ.

ಬೇರೆ ಭಾಷೆಯಿಂದ ತಂದ ಕಥೆಗಳಲ್ಲಿ ಇದು ಇನ್ನೂ ಕಷ್ಟ. 2019ರಲ್ಲಿ ಶುರುವಾದ ‘ಜೊತೆ ಜೊತೆಯಲಿ’ ಮರಾಠಿಯಿಂದ ಬಂದದ್ದು, 2023ರ ‘ಅಮೃತಧಾರೆ’ ಹಿಂದಿಯಿಂದ. ಹಿಂದಿಯಲ್ಲಿ ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು, ನಮ್ಮ ಮನೆಮಾತಿನಲ್ಲಿ ಎರಡೇ. ನಡುವಿನ ಮೆಟ್ಟಿಲಲ್ಲಿ ನಡೆದ ದೃಶ್ಯವನ್ನು ಕನ್ನಡಕ್ಕೆ ತರುವಾಗ ಮೇಲಕ್ಕೆ ಹತ್ತಿಸಬೇಕೋ ಕೆಳಕ್ಕೆ ಇಳಿಸಬೇಕೋ ಎಂದು ಸಂಭಾಷಣೆಯವರೇ ತೀರ್ಮಾನಿಸಬೇಕು. ಯೋಚಿಸದೆ ಇಳಿಸಿಬಿಟ್ಟರೆ ಮುಂದೆ ಇಂಥದ್ದೊಂದು ರಾತ್ರಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಗ ‘ನೀನಿಲ್ಲದೆ ನಾನಿಲ್ಲ’ ಎಂಬ ಸಾಲು, ಮಳೆ, ಕೆಂಪು ಬಲೂನು ಎಲ್ಲ ತರಬೇಕಾಗುತ್ತದೆ. ‘ಐ ಲವ್ ಯೂ’ ಎಂದು ಹೇಳಿಸಿದ ಸಂಚಿಕೆಗೆ ಜನ ಚಪ್ಪಾಳೆ ತಟ್ಟಬಹುದು. ಕಣ್ಣೀರು ಬರುವುದು ‘ಊಟ ಆಯ್ತಾ’, ‘ಸ್ವೆಟರ್ ಹಾಕ್ಕೊಂಡ್ಯಾ’, ‘ತಲುಪಿದ ಮೇಲೆ ಒಂದು ಮೆಸೇಜ್ ಹಾಕು’ ಎಂಬ ಮಾತುಗಳಿಗೆ. ನಮ್ಮ ಮನೆಗಳಲ್ಲಿ ಪ್ರೀತಿ ಬಾಯಿಬಿಡುವುದು ಹೆಚ್ಚಾಗಿ ಹೀಗೆಯೇ.

ಎರಡನೆಯದು ಲೆಕ್ಕ. ಅರ್ಧ ಗಂಟೆಯ ಸ್ಲಾಟಿನಲ್ಲಿ ಧಾರಾವಾಹಿಗೆ ಸಿಗುವುದು ಸುಮಾರು 22 ನಿಮಿಷ, ಉಳಿದದ್ದು ಜಾಹೀರಾತು ಮತ್ತು ಚಾನೆಲ್ಲಿನ ಪ್ರೋಮೊ. ಹಿಂದಿನ ಸಂಚಿಕೆಯ ತುಣುಕು, ಶೀರ್ಷಿಕೆ, ಮುಂದಿನ ಸಂಚಿಕೆಯ ತುಣುಕು ಕಳೆದರೆ 20 ನಿಮಿಷ ಎಂದುಕೊಳ್ಳಿ. ಇನ್ನೂರು ಸಂಚಿಕೆಗೆ 4,000 ನಿಮಿಷ, ಅಂದರೆ 66 ಗಂಟೆ ದಾಟಿತು. ಎರಡೂವರೆ ಗಂಟೆಯ ಸಿನಿಮಾ ನೋಡಿ ಅತ್ತರೆ ರಸಿಕರು ಎನ್ನುತ್ತೇವೆ, 66 ಗಂಟೆ ಜೊತೆಗಿದ್ದವರು ಅತ್ತರೆ ಕೆಲಸವಿಲ್ಲದವರು! ಪರದೆಯ ಮೇಲಿನವರನ್ನು ದಿನವೂ ನೋಡುತ್ತ ನೋಡುತ್ತ ಪರಿಚಯದವರಂತೆ ಕಾಣುವ ಈ ಸಂಬಂಧದ ಬಗ್ಗೆ ಅಮೆರಿಕದ ಹಾರ್ಟನ್ ಮತ್ತು ವೋಲ್ ಎಂಬಿಬ್ಬರು 1956ರಲ್ಲೇ ಬರೆದಿದ್ದಾರೆ. ನಮ್ಮವರು ಅದಕ್ಕೂ ಬಹಳ ಹಿಂದೆ, ನಾಟ್ಯಶಾಸ್ತ್ರದ ಭರತನ ಕಾಲಕ್ಕೇ, ನಾಟಕ ನೋಡುವವರೊಳಗೆ ಭಾವ ಹೇಗೆ ಏಳುತ್ತದೆ ಎಂದು ವಿಂಗಡಿಸಿಟ್ಟಿದ್ದರು. ಮೈಯಲ್ಲಿ ತಾನಾಗಿ ಮೂಡುವ ಎಂಟು ಸಾತ್ವಿಕ ಭಾವಗಳಲ್ಲಿ ಅಶ್ರು ಒಂದು, ಸ್ವರಭೇದ ಒಂದು. ‘ಮಾಡಿದ್ಯಾ’ ಎನ್ನುವಾಗ ಅವನ ದನಿ ಅರ್ಧಕ್ಕೆ ಒಡೆದದ್ದು ಸ್ವರಭೇದ. ಅದನ್ನು ಕೇಳಿ ಅಪಾರ್ಟ್‌ಮೆಂಟಿನಲ್ಲಿ ಆದದ್ದು ಅಶ್ರು.

ಈಗ ಆ ಎರಡೂ ಮುಕ್ಕಾಲು ನಿಮಿಷವನ್ನು ಕಟ್ಟಿದ ಬಗೆ. ಸಿನಿಮಾದವರು ದಿನಕ್ಕೆ ಎರಡು ಮೂರು ನಿಮಿಷದಷ್ಟು ಚಿತ್ರೀಕರಿಸಿದರೆ ಒಳ್ಳೆಯ ಕೆಲಸ. ಧಾರಾವಾಹಿಯವರು ಒಂದು ದಿನಕ್ಕೆ ಹೆಚ್ಚುಕಡಿಮೆ ಒಂದು ಸಂಚಿಕೆಯನ್ನೇ ಮುಗಿಸಬೇಕು. ನಾಗರಭಾವಿ, ರಾಜರಾಜೇಶ್ವರಿನಗರದ ಕಡೆ ಬಾಡಿಗೆಗೆ ಹಿಡಿದ ದೊಡ್ಡ ಮನೆಗಳಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ದೃಶ್ಯದ ಮೇಲೆ ದೃಶ್ಯ. ಪರದೆಯ ಮೇಲಿನ ರಾತ್ರಿ ಹನ್ನೊಂದು ಗಂಟೆ ಎಷ್ಟೋ ಸಲ ನಿಜದಲ್ಲಿ ಬೆಳಗಿನ ಹನ್ನೊಂದು. ಕಿಟಕಿಗೆ ಹೊರಗಿನಿಂದ ಕಪ್ಪು ಬಟ್ಟೆ ಕಟ್ಟುತ್ತಾರೆ. ಒಳಗೆ ಹಳದಿ ಬೆಳಕಿಗೆ ಹೊಂದುವಂತೆ ಕ್ಯಾಮೆರಾವನ್ನು 3200 ಕೆಲ್ವಿನ್‌ಗೆ ಇಟ್ಟು, ಕಿಟಕಿಯಾಚೆ 5600 ಕೆಲ್ವಿನ್ನಿನ ದೀಪ ಉರಿಸಿದರೆ ಅದು ಪರದೆಯ ಮೇಲೆ ತಣ್ಣನೆಯ ನೀಲಿಯಾಗಿ ಕಾಣುತ್ತದೆ. ನಾವು ಬೆಳದಿಂಗಳು ಎಂದುಕೊಳ್ಳುವುದು ಅದನ್ನೇ. ಅಷ್ಟರಲ್ಲಿ ಬೀದಿಯಲ್ಲಿ ಕಸದ ಆಟೊ ಹಾಡು ಹಾಕಿಕೊಂಡು ಬಂದರೆ ಎಲ್ಲರೂ ಕೈಕಟ್ಟಿ ನಿಲ್ಲಬೇಕು, ಅದು ತಿರುವು ದಾಟಿ ಹೋಗುವವರೆಗೆ.

ಧ್ವನಿಯನ್ನು ಸ್ಥಳದಲ್ಲೇ ಹಿಡಿಯುವುದರಿಂದ ಟೇಕ್ ಶುರುವಾಗುವ ಮುಂಚೆ ಫ್ಯಾನು, ಫ್ರಿಜ್ಜು ಎಲ್ಲ ಬಂದ್. ಅದಕ್ಕೇ ದೀಪಗಳ ಕೆಳಗೆ ಕಲಾವಿದರು ಬೆವರುವುದು, ಪ್ರತಿ ಟೇಕಿಗೂ ಟಚಪ್ ಬೇಕಾಗುವುದು. ಈಗ ಆ ದೃಶ್ಯವನ್ನು ಇನ್ನೊಮ್ಮೆ ಹಾಕಿ ಕೇಳಿ. ‘ಮಾಡಿದ್ಯಾ’ ಆದ ಮೇಲೆ ನಾಲ್ಕು ಸೆಕೆಂಡ್ ಯಾವ ಸಂಗೀತವೂ ಇಲ್ಲ, ಸೀಲಿಂಗ್ ಫ್ಯಾನ್ ತಿರುಗುವ ಕಿರ್ ಕಿರ್ ಸದ್ದು ಮಾತ್ರ. ಚಿತ್ರೀಕರಣದಲ್ಲಿ ಆರಿಸಿದ್ದ ಫ್ಯಾನಿನ ಸದ್ದು ಸಂಚಿಕೆಯಲ್ಲಿ ಬಂದಿದೆ ಎಂದರೆ ಯಾರೋ ಕೂತು ಯೋಚಿಸಿ ಆಮೇಲೆ ಸೇರಿಸಿದ್ದಾರೆ. ನಮ್ಮ ಟಿವಿಗೆ ಸೆಕೆಂಡಿಗೆ 25 ಫ್ರೇಮ್, ನಾಲ್ಕು ಸೆಕೆಂಡಿಗೆ 100. ಒಂದೊಂದು ಸೆಕೆಂಡಿಗೂ ವಯೊಲಿನ್ ಹಚ್ಚುವ ದಂಧೆಯಲ್ಲಿ 100 ಫ್ರೇಮ್ ಸುಮ್ಮನೆ ಬಿಟ್ಟವರ ಧೈರ್ಯ ದೊಡ್ಡದು. ಖಾಲಿ ಮನೆಯಲ್ಲಿ ಫ್ಯಾನ್ ಸದ್ದು ಕೇಳಿಸಬೇಕೆಂದರೆ ಇಬ್ಬರೂ ಉಸಿರು ಹಿಡಿದಿರಬೇಕು. ನೋಡುವವರೂ ಅದನ್ನೇ ಮಾಡಿದರು.

ಆ ಮೇಲೆ ಕೊಳಲು. ಈ ಧಾರಾವಾಹಿಯ ಶೀರ್ಷಿಕೆ ಗೀತೆಯ ಪಲ್ಲವಿ ಮೋಹನ ರಾಗದ ಛಾಯೆಯಲ್ಲಿದೆ, ದಿನಾ ಕೇಳಿ ಕಿವಿಗೆ ಹತ್ತಿದ್ದು. ಅವಳು ಒಲೆಯ ಕಡೆ ತಿರುಗಿದಾಗ ಕೊಳಲಿನಲ್ಲಿ ಅದೇ ಪಲ್ಲವಿ ನಿಧಾನವಾಗಿ ಬರುತ್ತದೆ, ಗಾಂಧಾರ, ಅಂದರೆ ಸರಿಗಮದ ‘ಗ’, ಮಾತ್ರ ಇಳಿದಿದೆ. ಸ ರಿ ಗ ಪ ದ ಎಂಬ ಐದು ಸ್ವರಗಳಲ್ಲಿ ಉಳಿದ ನಾಲ್ಕನ್ನು ಹಾಗೇ ಇಟ್ಟು ಅಂತರ ಗಾಂಧಾರದ ಜಾಗದಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸಾಧಾರಣ ಗಾಂಧಾರ ಹಾಕಿದರೆ ಮೋಹನ ಹೋಗಿ ಶಿವರಂಜನಿಯಾಗುತ್ತದೆ. ಗೊತ್ತಿರುವ ಹಾಡೇ, ಆದರೆ ಎಲ್ಲೋ ಒಂದು ಕಡೆ ಒಳಗೆ ಹಿಂಡುತ್ತದೆ. ಗ್ಯಾಸ್ ಹೊತ್ತಿಕೊಳ್ಳುವಾಗ ಗಾಂಧಾರ ಮತ್ತೆ ಮೇಲೆ ಬಂದು ಮೋಹನವೇ ಆಗಿಬಿಡುತ್ತದೆ. ದುಃಖಕ್ಕೋ ಸಂತೋಷಕ್ಕೋ ಅತ್ತದ್ದು ಎಂದು ಕೇಳಿದರೆ ಯಾರಿಗೂ ಸರಿಯಾಗಿ ಹೇಳಲು ಬರುತ್ತಿಲ್ಲವಲ್ಲ, ಅದರಲ್ಲಿ ಈ ಒಂದು ಸ್ವರದ ಪಾಲೂ ಇದೆ. ಕೊಳಲನ್ನೇ ಆರಿಸಿದ್ದೂ ಸರಿಯೇ. ಗೋಡೆಗೆ ನೇತುಹಾಕುವ ಈಗಿನ ತೆಳು ಟಿವಿಗಳ ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ನಾದ ಹೊರಗೆ ಬರುವುದೇ ಇಲ್ಲ. ಸ್ಟುಡಿಯೊದಲ್ಲಿ ಎದೆ ನಡುಗಿಸಿದ ಸೆಲ್ಲೊ ಮನೆಯಲ್ಲಿ ಗುಂಯ್ ಎನ್ನುವ ಸೊಳ್ಳೆ.

ಕಣ್ಣೀರಿನ ವಿಷಯಕ್ಕೆ ಬಂದರೆ, ‘ಎಲ್ಲ ಗ್ಲಿಸರಿನ್ ರೀ’ ಎಂದು ನಗುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಗ್ಲಿಸರಿನ್ ಹೌದು. ಅದನ್ನು ಕಣ್ಣೊಳಗೆ ಬಿಡುವುದಿಲ್ಲ, ಕೆಳರೆಪ್ಪೆಯ ಅಂಚಿಗೆ ಒಂದು ಹನಿ ಸವರುತ್ತಾರೆ. ಉರಿ ಹತ್ತಿ ಕಣ್ಣೇ ನೀರು ತುಂಬಿಕೊಳ್ಳುತ್ತದೆ. ಮೊದಲ ಟೇಕಿನಲ್ಲಿ ಚೆನ್ನಾಗಿರುತ್ತದೆ. ನಾಲ್ಕನೆಯದಕ್ಕೆ ರೆಪ್ಪೆ ಊದಿ, ಕಣ್ಣಿನ ಬಿಳಿ ಕೆಂಪಾಗಿ, ನೆಗಡಿಯಾದವರಂತೆ ಕಾಣುತ್ತಾರೆ. ಇನ್ನೊಂದು ತೊಂದರೆ ಹನಿಯ ಜಾಗ. ಒಂದು ಶಾಟಿನಲ್ಲಿ ಎಡಗೆನ್ನೆಯ ನಡುವೆ ನಿಂತಿದ್ದ ಹನಿ ಮುಂದಿನ ಶಾಟಿನಲ್ಲಿ ಮಾಯವಾಗಿ, ಮೂರನೆಯದರಲ್ಲಿ ಗಲ್ಲದ ಮೇಲೆ ಪ್ರತ್ಯಕ್ಷ. ಈ ದೃಶ್ಯದಲ್ಲಿ ಆ ರಗಳೆಯೇ ಇಲ್ಲ, ಏಕೆಂದರೆ ಅವಳ ಕಣ್ಣೀರನ್ನು ತೋರಿಸಿಯೇ ಇಲ್ಲ. ಬೆನ್ನು, ಜಡೆ, ಸೆರಗು ಹಿಡಿದ ಕೈ. ಬೆನ್ನಿಗೆ ಗ್ಲಿಸರಿನ್ ಹಚ್ಚಲಾಗದು. ಅವಳು ಅತ್ತಳೋ ಇಲ್ಲವೋ ಎಂದು ನೋಡುವವರೇ ತುಂಬಿಕೊಳ್ಳಬೇಕು, ತುಂಬಿಕೊಂಡರು. ನಟಿಯ ಕೆಲಸ ಇದ್ದದ್ದು ಭುಜದಲ್ಲಿ. ಒಲೆಯ ನಾಬ್ ತಿರುಗಿಸುವ ಮುಂಚೆ ಬಲಭುಜ ಒಂದು ಚೂರು ಮೇಲೇರಿ ಇಳಿಯುತ್ತದೆ, ದೊಡ್ಡದೊಂದು ಉಸಿರನ್ನು ಸದ್ದಾಗದಂತೆ ಬಿಟ್ಟವರ ಹಾಗೆ.

ಅವನ ಮುಖದ ಕ್ಲೋಸ್ ಬಗ್ಗೆಯೂ ಒಂದು ಮಾತು. ಸಾಮಾನ್ಯವಾಗಿ ಮೊದಲು ಇಡೀ ದೃಶ್ಯವನ್ನು ಒಟ್ಟಾಗಿ ಹಿಡಿಯುವ ಮಾಸ್ಟರ್ ಶಾಟ್ ತೆಗೆದು, ಆಮೇಲೆ ಹೆಗಲ ಮೇಲಿಂದ ತೆಗೆಯುವ ಸಜೆಷನ್ ಶಾಟ್, ಕೊನೆಗೆ ಕ್ಲೋಸ್ ತೆಗೆಯುವುದು ಪದ್ಧತಿ. ಭಾವದ ದೃಶ್ಯಕ್ಕೆ ಇದು ದುಬಾರಿ. ಮಾಸ್ಟರಿನಲ್ಲೇ ಎಲ್ಲ ಸುರಿದು, ಮುಖ ಪರದೆ ತುಂಬುವ ಹೊತ್ತಿಗೆ ಕಲಾವಿದರ ಬುಟ್ಟಿ ಬರಿದಾಗಿರುತ್ತದೆ. ಎರಡು ಕ್ಯಾಮೆರಾ ಇಟ್ಟು ಇಬ್ಬರ ಕ್ಲೋಸನ್ನೂ ಒಟ್ಟಿಗೇ ತೆಗೆದರೆ ಮಾತು ಮತ್ತು ಪ್ರತಿಕ್ರಿಯೆ ಎರಡೂ ಒಂದೇ ಉಸಿರಿನವು. ನಷ್ಟ ಬೆಳಕಿನದು: ಎರಡು ಮುಖಕ್ಕೂ ಹೊಂದುವಂತೆ ಇಡಬೇಕಾದ್ದರಿಂದ ಚಪ್ಪಟೆಯಾಗಿ ಬೀಳುತ್ತದೆ. ಆ ರಾತ್ರಿಯ ಬೆಳಕು ನಿಜಕ್ಕೂ ಅಷ್ಟೇನೂ ಚೆನ್ನಾಗಿರಲಿಲ್ಲ, ಅವನ ಮೂಗಿನ ನೆರಳು ಎರಡು ಕಡೆ ಬಿದ್ದಿತ್ತು. ಎಚ್ಚರಗೊಂಡ ಅವಳ ಕಣ್ಣು ಅವನ ‘ದ್ಯಾ’ ಮುಗಿಯುವ ಮುಂಚೆಯೇ ಅಗಲವಾದದ್ದನ್ನು ನೋಡಿದರೆ ಆ ನೆರಳನ್ನು ಮಾಫಿ ಮಾಡಬಹುದು. ಅಂದು ತಬ್ಬಿಕೊಳ್ಳುವ ದೃಶ್ಯ ಇಡದೆ ಇದ್ದದ್ದು ಇನ್ನೊಂದು ಪುಣ್ಯ. ತಬ್ಬಿಕೊಂಡರೆ ಇಬ್ಬರ ಬಟ್ಟೆಯೊಳಗಿನ ಪಿನ್ ಮೈಕ್ ಒಂದಕ್ಕೊಂದು ಉಜ್ಜಿ ಬರೀ ಗೊರಗೊರ. ಆ ಮಾತುಗಳನ್ನು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಒಂಟಿಯಾಗಿ ನಿಂತು ಹೇಳಬೇಕು. ದನಿಯಲ್ಲಿ ಆ ಒಂಟಿತನ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ ಕೆಡಿಸುವ ದಾರಿಗಳು ಬೇಕಾದಷ್ಟಿವೆ. ಅಭಿಮಾನಿಗಳ ನಿಜವಾದ ಸಂಕಟ ಇರುವುದು ಅಲ್ಲಿ.

ಮೊದಲನೆಯ ಅಪರಾಧಿ ಪ್ರೋಮೊ. ಶನಿವಾರ, ಭಾನುವಾರ ಪೂರ್ತಿ ಅದೇ ಮೂವತ್ತು ಸೆಕೆಂಡ್: ಮುಚ್ಚಳ, ಎಚ್ಚರ, ‘ಊಟ ಮಾಡಿದ್ಯಾ?’. ಇನ್ನೂರು ಸಂಚಿಕೆ ಕಾಪಾಡಿದ ಏಕವಚನವನ್ನು ಸೋಪಿನ ಪುಡಿಯ ಜಾಹೀರಾತಿನ ಪಕ್ಕದಲ್ಲಿ ಮಾರಿಬಿಟ್ಟರು. ಇದರ ಹಿಂದಿನ ಕಾರಣವೂ ಗೊತ್ತಿರುವುದೇ. ಟಿವಿಯಲ್ಲಿ ಯಾವುದನ್ನು ಎಷ್ಟು ಜನ ನೋಡಿದರು ಎಂದು ಅಳೆದು 2015ರಿಂದ ರೇಟಿಂಗ್ ಕೊಡುತ್ತಿರುವ ಬಾರ್ಕ್ ಸಂಸ್ಥೆಯ ವಾರ ಶನಿವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ, ಅಂಕಿ ಬರುವುದು ಮುಂದಿನ ಗುರುವಾರ. ಆಯ್ದ ಮನೆಗಳಲ್ಲಿಟ್ಟ ಮೀಟರುಗಳು ಯಾವ ಚಾನೆಲ್ ಎಷ್ಟು ನಿಮಿಷ ಓಡಿತು ಎಂದು ಎಣಿಸುತ್ತವೆ. ನಿಮಿಷ ಎಣಿಸುವ ಮೀಟರಿಗೆ ಮನೆಯವರು ಅತ್ತರೋ, ಸೋಫಾದ ಮೇಲೆ ಗೊರಕೆ ಹೊಡೆದರೋ ಎರಡೂ ಒಂದೇ. ಪ್ರೋಮೊ ತೋರಿಸಿದರೆ ಹೆಚ್ಚು ಮನೆ ಟಿವಿ ಹಚ್ಚುತ್ತವೆ ಎಂಬುದು ಅವರ ಲೆಕ್ಕ. ಒಪ್ಪೋಣ. ಮುಚ್ಚಳ ಎತ್ತುವವರೆಗೆ ತೋರಿಸಿ ಮಾತನ್ನು ಮಾತ್ರ ಬಿಟ್ಟಿದ್ದರೆ ಅದೇ ಜನ ಬರುತ್ತಿರಲಿಲ್ಲವೇ? ‘ಅವನು ಏನು ಕೇಳಿದ?’ ಎಂಬ ಕುತೂಹಲಕ್ಕೆ ಇನ್ನೂ ನಾಲ್ಕು ಜನ ಹೆಚ್ಚೇ ಬರುತ್ತಿದ್ದರು.

ಎರಡನೆಯದು ಬ್ರೇಕ್. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ ಹೆಚ್ಚೆಂದರೆ 10 ನಿಮಿಷ ಜಾಹೀರಾತು, 2 ನಿಮಿಷ ಚಾನೆಲ್ಲಿನ ಸ್ವಂತ ಪ್ರಚಾರ; ಮೇಲಿನ 22 ನಿಮಿಷದ ಲೆಕ್ಕ ನೋಡಿದರೆ ಓಡುವುದು ಅದಕ್ಕಿಂತ ಹೆಚ್ಚೇ. ಬ್ರೇಕ್ ಬೇಡ ಎಂದು ಯಾರೂ ಹೇಳುವುದಿಲ್ಲ, ಸಂಬಳ ಬರುವುದು ಅಲ್ಲಿಂದಲೇ. ಆದರೆ ಕೊಯ್ದ ಜಾಗ ನೋಡಿ: ‘ಮಾಡಿದ್ಯಾ’ ಆಗಿ, ಫ್ಯಾನಿನ ನಾಲ್ಕು ಸೆಕೆಂಡ್ ಆಗಿ, ಅವಳ ತುಟಿ ಅಲುಗುವಾಗ ಫ್ರೀಜ್. ನಂತರ ಹಲ್ಲುಜ್ಜುವ ಪೇಸ್ಟು, ಸೀರೆ ಅಂಗಡಿ, ಮೊಣಕಾಲಿನ ಎಣ್ಣೆ. ವಾಪಸು ಬಂದಾಗ ಮುಚ್ಚಳ ಎತ್ತುವುದರಿಂದ ಮತ್ತೆ ಮೊದಲು! ಬ್ರೇಕಿನಲ್ಲಿ ಬಂದು ಸೇರಿದವರಿಗೆ ತಿಳಿಯಲಿ ಎಂಬುದು ಇದರ ಉದ್ದೇಶ. ಎರಡನೇ ಸಲ ಕೇಳಿದ ‘ಊಟ ಮಾಡಿದ್ಯಾ’ ಬರೀ ಊಟದ ವಿಚಾರಣೆ. ಅವಳು ಒಲೆ ಹಚ್ಚಿ, ಸಾರಿನಿಂದ ಹಬೆ ಎದ್ದ ಮೇಲೆ ಬ್ರೇಕ್ ಕೊಟ್ಟಿದ್ದರೆ ಜನ ಆ ಹಬೆಯನ್ನೇ ನೋಡುತ್ತ ಜಾಹೀರಾತು ದಾಟುತ್ತಿದ್ದರು. ಹಣ ಕೊಟ್ಟು ಆ್ಯಪಿನಲ್ಲಿ ನೋಡುವ ಹುಡುಗಿಯರಿಗೆ, ನೇರಳೆ ಮಾರ್ಗದ ಮೆಟ್ರೊದಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತವರಿಗೆ, ಈ ಬಾಧೆ ಇಲ್ಲ. ವಿಜಯನಗರದ ಪಿಜಿಯಲ್ಲಿ ಸಾಲಾಗಿ ಕೂತು ಟಿವಿ ನೋಡುವವರಿಗೆ ಇದೆ.

ಮೂರನೆಯದು ಎಳೆಯುವುದು. ಇದಕ್ಕೆ ಬೇರು ಎಲ್ಲಿದೆ ಎಂದರೆ ಬ್ಯಾಂಕಿಂಗ್‌ನಲ್ಲಿ, ಅಂದರೆ ಸಂಚಿಕೆಗಳನ್ನು ಮುಂಚಿತವಾಗಿ ತೆಗೆದಿಟ್ಟುಕೊಳ್ಳುವುದರಲ್ಲಿ. ಮುಂದಿನ ಎಂಟು ಹತ್ತು ಸಂಚಿಕೆ ಸಿದ್ಧವಿದ್ದರೆ ಸಂಕಲನಕಾರರಿಗೆ ಕತ್ತರಿಸಲು ಪುರುಸೊತ್ತು. ಕಲಾವಿದರಿಗೆ ಜ್ವರವೋ, ಮಳೆಗೆ ಹೊರಾಂಗಣ ನಿಂತಿತೋ, ಬ್ಯಾಂಕ್ ಒಂದು ಎರಡಕ್ಕೆ ಇಳಿಯಿತೋ, ಬೆಳಗ್ಗೆ ತೆಗೆದದ್ದು ರಾತ್ರಿಯೇ ಪ್ರಸಾರ. ಆಗ 22 ನಿಮಿಷಕ್ಕೆ ಒಂದೂವರೆ ನಿಮಿಷ ಕಡಿಮೆ ಬಿತ್ತೆಂದರೆ ಅದನ್ನು ಎಲ್ಲಿಂದಲಾದರೂ ತರಲೇಬೇಕು. ಮನೆಯಲ್ಲಿರುವ ಏಳೂ ಜನರ ಮುಖ ಒಂದೊಂದು ಸಲ, ಧಡ್ ಧಡ್ ಧಡ್ ಎಂದು ಮೂರು ಝೂಮ್. ಇಲ್ಲವೇ ಹಳೆಯ ಸಂಚಿಕೆಯ ಫ್ಲ್ಯಾಶ್‌ಬ್ಯಾಕ್. ಇಲ್ಲವೇ ಸ್ಲೋಮೋಷನ್. ನಿಜವಾದ ಸ್ಲೋ ಬೇಕಾದರೆ ಚಿತ್ರೀಕರಿಸುವಾಗಲೇ ಸೆಕೆಂಡಿಗೆ 50 ಫ್ರೇಮ್ ಹಿಡಿದಿರಬೇಕು. 25ರಲ್ಲಿ ಹಿಡಿದದ್ದನ್ನು ಸಂಕಲನದಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ಪ್ರತಿ ಫ್ರೇಮೂ ಎರಡೆರಡು ಸಲ ಬಂದು ನಾಯಕಿಯ ಸೆರಗು ಗಾಳಿಗೆ ಹಾರುವ ಬದಲು ತಡವರಿಸುತ್ತದೆ. ನಮ್ಮ ದೃಶ್ಯಕ್ಕೆ ಈ ಗತಿ ಬರಲಿಲ್ಲ. ಮಾರನೆಯ ದಿನದ ಸಂಚಿಕೆಯಲ್ಲಿ ಬಂತು: ಅದೇ ಮುಚ್ಚಳ, ಅದೇ ಸೆರಗು, ಅರ್ಧ ವೇಗದಲ್ಲಿ, ಮೇಲೆ ಹಾಡು, ಫ್ಯಾನಿನ ಸದ್ದು ಕಿತ್ತುಹಾಕಿ.

1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬರುತ್ತಿದ್ದಾಗ ಸಂಚಿಕೆ ತಪ್ಪಿದರೆ ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಳ್ಳಬೇಕಾಗಿತ್ತು. ಈಗ ತಪ್ಪಿಸಿಕೊಳ್ಳಬೇಕೆಂದರೂ ಆಗುವುದಿಲ್ಲ, ಒಂದೇ ತುಣುಕು ಎಂಟು ಕಡೆಯಿಂದ ಬರುತ್ತದೆ. ಇದರಿಂದ ಧಾರಾವಾಹಿಯವರಿಗೆ ಪ್ರಚಾರ ಸಿಗುತ್ತದೆ ನಿಜ, ಆದರೆ ಮೊದಲ ಸಲ ಕೇಳುವ ಭಾಗ್ಯ ಎಷ್ಟು ಜನರಿಗೆ ಉಳಿಯಿತು?

ಕಡೆಯದಾಗಿ, ಎಲ್ಲರೂ ಹೆದರುತ್ತಿರುವುದು: ಹಿಂದಕ್ಕೆ ತಿರುಗಿಸುವುದು. ಜೋಡಿ ಒಂದಾದರೆ ಕಥೆಯ ಬಿಸಿ ಆರುತ್ತದೆ, ರೇಟಿಂಗ್ ಇಳಿಯುತ್ತದೆ ಎಂಬ ನಂಬಿಕೆ ಈ ಉದ್ಯಮದಲ್ಲಿ ಗಟ್ಟಿಯಾಗಿದೆ. ಅದಕ್ಕೇ ಹತ್ತಿರ ಬಂದ ಮೂರನೇ ದಿನ ಹಳೆಯ ಪ್ರೇಯಸಿ ದುಬೈನಿಂದ ಇಳಿಯುತ್ತಾಳೆ, ಅಥವಾ ಅರ್ಧ ಮಾತು ಕೇಳಿಸಿಕೊಂಡು ಹೆಂಡತಿ ತವರಿಗೆ ಹೊರಡುತ್ತಾಳೆ. ಮದುವೆಯಾದ ಜೋಡಿಯ ಕಥೆಯಾದ ‘ಅಗ್ನಿಸಾಕ್ಷಿ’ ಧಾರಾವಾಹಿ 2013ರ ಕೊನೆಗೆ ಶುರುವಾಗಿ 2020ರವರೆಗೆ ಓಡಿತು. ಗಂಡಹೆಂಡತಿ ಜೊತೆಗಿದ್ದೂ ಕಥೆ ನಡೆಯಬಹುದು ಎಂದು ಬರೆಯುವವರಿಗೆ ಗೊತ್ತಿಲ್ಲದ್ದೇನಲ್ಲ. ಅಡಚಣೆ ಹೊರಗಿನಿಂದ ಬರಲಿ: ಅಂಗಡಿಯ ಸಾಲ, ಮಾವನ ಆಪರೇಷನ್ನು, ಬಾಡಿಗೆ ಮನೆ. ಅವನ ಬಾಯಿಗೆ ಮತ್ತೆ ‘ಮಾಡಿದ್ರಾ’ ತರಬೇಡಿ. ಒಮ್ಮೆ ಆಡಿದ ಏಕವಚನವನ್ನು ಕಾರಣವಿಲ್ಲದೆ ಹಿಂದಕ್ಕೆ ತೆಗೆದುಕೊಂಡರೆ 66 ಗಂಟೆಯ ಕೂಡಿಟ್ಟ ಗಂಟು ಒಂದೇ ರಾತ್ರಿಗೆ ಕರಗುತ್ತದೆ. ಆಮೇಲೆ ಎಷ್ಟು ಕೊಳಲು ಊದಿದರೂ ಅಷ್ಟೇ. ಹಾಗೆ ಮುನಿಸಿಕೊಂಡ ವೀಕ್ಷಕರು ಸಿಟ್ಟಿನ ಪತ್ರ ಬರೆಯುವುದಿಲ್ಲ, ಸುಮ್ಮನೆ ಒಂಬತ್ತೂವರೆಗೆ ಬೇರೆ ಚಾನೆಲ್ ಹಾಕುತ್ತಾರೆ.

ತಮ್ಮಲ್ಲೂ ಒಂದು ಕೋರಿಕೆ. ನಿಮ್ಮ ಪತ್ರಿಕೆಯ ಟಿವಿ ಪುಟದಲ್ಲಿ ನಟನಟಿಯರ ನಿಶ್ಚಿತಾರ್ಥ, ಹೊಸ ಕಾರು, ಗೃಹಪ್ರವೇಶದ ಚಿತ್ರಗಳಿಗೆ ಜಾಗವಿದೆ. ಅದರಲ್ಲಿ ಎರಡು ಸಾಲು ಬಿಡಿಸಿ ಆ ವಾರದ ಒಳ್ಳೆಯ ದೃಶ್ಯದ ಸಂಭಾಷಣೆ ಬರೆದವರ, ಸಂಕಲನ ಮಾಡಿದವರ, ಧ್ವನಿ ಜೋಡಿಸಿದವರ ಹೆಸರು ಹಾಕಿ. ಟಿವಿಯಲ್ಲಿ ಅವರ ಹೆಸರು ಓಡುವ ವೇಗಕ್ಕೆ ಕನ್ನಡಕ ಹಾಕಿಕೊಂಡವರಿಗೂ ಓದಲಾಗುವುದಿಲ್ಲ. ಆ ಫ್ಯಾನಿನ ಸದ್ದು ಹಾಕಿದವರು ಯಾರು ಎಂದು ತಿಳಿಯುವ ಆಸೆ ಇಲ್ಲಿ ಬಹಳ ಜನಕ್ಕಿದೆ.

ಈ ಪತ್ರ ಅಂಚೆಗೆ ಹಾಕುವ ಹೊತ್ತಿಗೆ ಇಂದಿನ ಪ್ರೋಮೊ ಬಂದಾಗಿದೆ. ಅವನು ಸ್ನಾನಕ್ಕೆ ಹೋಗಿದ್ದಾನೆ, ಅವಳು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಳೆ, ಬಾಗಿಲ ಪರದೆಯ ಹಿಂದೆ ಸೋದರತ್ತೆಯ ಕೈಯಲ್ಲಿ ಒಪ್ಪಂದದ ಕಾಗದ. ಒಂಬತ್ತೂವರೆಗೆ ಕೂರುತ್ತೇವೆ, ನೋಡೋಣ.

ಇಂತಿ,
ಧಾರಾವಾಹಿ ವೀಕ್ಷಕರ ಪರವಾಗಿ ಒಬ್ಬರು
ಹನುಮಂತನಗರ, ಬೆಂಗಳೂರು